ಹಳೆಯ ಸಿಂಗರ್ ಮಷಿನ್ ಚರ್ಮಕ್ಕೆ ಒಗ್ಗಿದ್ದು ಹೀಗೆ

ಚರ್ಮ ಹೊಲಿಯಲೆಂದೇ ನಾನು ತಂದುಕೊಂಡಿದ್ದು ಸಿಂಗರ್ 111ಡಬ್ಲ್ಯೂ155. ಹೆಸರಿನಲ್ಲಿರುವ ಡಬ್ಲ್ಯೂ ಅಮೆರಿಕದ ಬ್ರಿಜ್‌ಪೋರ್ಟ್ ಕಾರ್ಖಾನೆಯ ಗುರುತು. ಎರಕದ ಕಬ್ಬಿಣದ ಮೈ, ಒಬ್ಬರೇ ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ. ಚರ್ಮದ ಕೆಲಸದವರು ಇದನ್ನು ಈಗಲೂ ಹುಡುಕಿಕೊಂಡು ಹೋಗುವುದು ಅದು ಸರಕನ್ನು ಎಳೆಯುವ ರೀತಿಗಾಗಿ. ಚರ್ಮವನ್ನು ಮೇಲಿನಿಂದ ಒತ್ತುವ ಪಾದ, ಅಂದರೆ ಫೂಟ್, ಇದರಲ್ಲಿ ಎರಡು. ಕೆಳಗಿನ ಹಲ್ಲು, ಸೂಜಿ, ಒಳಗಿನ ಫೂಟ್ ಮೂರೂ ಒಟ್ಟಿಗೇ ಹಿಂದಕ್ಕೆ ಸರಿಯುತ್ತವೆ. ಅವು ವಾಪಸು ಬರುವಾಗ ಹೊರಗಿನ ಫೂಟ್ ಚರ್ಮವನ್ನು ಒತ್ತಿ ಹಿಡಿದಿರುತ್ತದೆ. ಹೀಗಾಗಿ ಎರಡು ಪದರ ಹೊಲಿಯುವಾಗ ಮೇಲಿನದು ಹಿಂದೆ ಬಿದ್ದು ಕೆಳಗಿನದು ಮುಂದೋಡುವ ಕಾಟ ಇಲ್ಲ.

ತಂದಾಗ ಕೈಚಕ್ರ ತಿರುಗುತ್ತಲೇ ಇರಲಿಲ್ಲ. ಹಳೆಯ ಮಷಿನ್‌ಗಳಲ್ಲಿ ಇದಕ್ಕೆ ಕಾರಣ ಬಹುತೇಕ ತುಕ್ಕಲ್ಲ, ಒಣಗಿ ಅರಗಿನಂತಾದ ಎಣ್ಣೆ. ಬಲ ಹಾಕಿ ತಿರುಗಿಸಿದರೆ ಏನಾದರೂ ಮುರಿಯುತ್ತದೆ. ಎಣ್ಣೆ ಬಿಡುವ ಪ್ರತಿ ತೂತಿಗೂ ಸೀಮೆಎಣ್ಣೆ ಹನಿಸಿ, ರಾತ್ರಿಯಿಡೀ ಬಿಟ್ಟು, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಆಡಿಸುತ್ತ ಬಂದೆ. ಅದಕ್ಕೂ ಜಗ್ಗದ ಜಾಗಕ್ಕೆ ಹೇರ್ ಡ್ರೈಯರ್‌ನ ಬಿಸಿಗಾಳಿ ಒಳ್ಳೆಯದು. ಆದರೆ ಅದನ್ನು ಸೀಮೆಎಣ್ಣೆ ಬಿಡುವ ಮೊದಲೇ ಮಾಡಬೇಕು, ಬಿಟ್ಟ ಮೇಲೆ ಖಂಡಿತ ಕೂಡದು. ಎಲ್ಲ ಸಡಿಲವಾದ ಮೇಲೆ ಕೊಳೆ ಒರೆಸಿ, ಹೊಲಿಗೆ ಮಷಿನ್ನಿನ ತೆಳು ಎಣ್ಣೆ ಹಾಕಿದೆ. ಅಡುಗೆ ಎಣ್ಣೆ ಬಿಟ್ಟವರನ್ನೂ ಕಂಡಿದ್ದೇನೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಅಂಟು.

ಚಕ್ರ ತಿರುಗಿತು, ಸೂಜಿ ಮೇಲೆ ಕೆಳಗೆ ಆಡಿತು, ಆದರೆ ಸೂಜಿಯ ದಾರವನ್ನು ಹಿಡಿಯುವ ಕೆಳಗಿನ ಹುಕ್ ಮಾತ್ರ ಅಲುಗಲಿಲ್ಲ. ಇಲ್ಲಿಗೆ ಬಂದಾಗ ಹಲವರು ಮಷಿನ್ ಕೆಟ್ಟಿತೆಂದು ಗುಜರಿಗೆ ಹಾಕುತ್ತಾರೆ. ಮಷಿನ್ ಕೆಟ್ಟಿರುವುದಿಲ್ಲ. ಹುಕ್‌ನಲ್ಲಿ ದಾರ ಸಿಕ್ಕಿಕೊಂಡಾಗ ಅದು ಮುರಿಯದಿರಲೆಂದು ಕೆಳಗಿನ ದಂಡಕ್ಕೆ ಒಂದು ಸೇಫ್ಟಿ ಕ್ಲಚ್ ಕೊಟ್ಟಿದ್ದಾರೆ, ಅದು ಬಿಟ್ಟುಕೊಂಡಿರುತ್ತದೆ. ಲಾಕ್ ಗುಂಡಿಯನ್ನು ಒತ್ತಿ ಹಿಡಿದು ಚಕ್ರವನ್ನು ನಮ್ಮಿಂದ ಆಚೆಗೆ, ಅಂದರೆ ಹೊಲಿಯುವಾಗ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಟಕ್ಕನೆ ಕೂರುತ್ತದೆ. ಕೂರಿಸುವ ಮೊದಲು ಅದು ಏಕೆ ಬಿಟ್ಟುಕೊಂಡಿತು ಎಂದು ನೋಡಬೇಕು. ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್ ತೆಗೆದರೆ ಹುಕ್‌ನ ಸುತ್ತ ಹಳೆಯ ನೈಲಾನ್ ದಾರದ ತುಂಡುಗಳು ಸುತ್ತಿಕೊಂಡಿದ್ದವು. ಚಿಮುಟದಿಂದ ಒಂದೊಂದಾಗಿ ಎಳೆದೆ.

ಇನ್ನು ಟೈಮಿಂಗ್, ಅಂದರೆ ಸೂಜಿಯೂ ಹುಕ್ಕೂ ಸರಿಯಾದ ಹೊತ್ತಿಗೆ ಸಂಧಿಸುವಂತೆ ಹೊಂದಿಸುವುದು. ಇದರ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣ ಇದೆ: ಹೊಲಿಗೆ ತಪ್ಪಿದ ಕೂಡಲೇ ಎಲ್ಲರ ಕೈ ಹೋಗುವುದು ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂಗೆ. ನನ್ನ ಮಟ್ಟಿಗೆ ಟೆನ್ಷನ್ ಕಟ್ಟಕಡೆಯ ಕೆಲಸ. ಅದಕ್ಕೂ ಮೊದಲು, ಯಾವ ದಾರದಲ್ಲಿ ಹೊಲಿಯುತ್ತೇನೆ ಎನ್ನುವುದು ತೀರ್ಮಾನವಾಗಬೇಕು. ದಾರ ಸೂಜಿಯನ್ನು ನಿರ್ಧರಿಸುತ್ತದೆ, ಸೂಜಿ ಹುಕ್‌ನ ಜಾಗವನ್ನು ನಿರ್ಧರಿಸುತ್ತದೆ. ಈ ಮಷಿನ್ನಿಗೆ ಬಟ್ಟೆಯಾದರೆ 135×17, ಚರ್ಮವಾದರೆ ಕತ್ತರಿಸುವ ಮೊನೆಯ 135×16 ಮಾದರಿಯ ಸೂಜಿ. ಟೆಕ್ಸ್ ಎಂಬುದು ದಾರದ ದಪ್ಪದ ಲೆಕ್ಕ: ಟೆಕ್ಸ್ 70 ದಾರಕ್ಕೆ 110ರ ಸೂಜಿ ಸಾಕು, ಟೆಕ್ಸ್ 135ಕ್ಕೆ 140 ಅಥವಾ 160 ಬೇಕು. 110, 140, 160 ಎಂಬ ಅಂಕಿಗಳು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತವೆ. 110ರಿಂದ 160ಕ್ಕೆ ಹೋದರೆ ಸೂಜಿಯ ಮೈ ಹುಕ್ ಕಡೆಗೆ ಸುಮಾರು ಕಾಲು ಮಿಲಿಮೀಟರ್ ಉಬ್ಬಿದಂತೆ. ಹುಕ್‌ನ ಮೊನೆ ಸೂಜಿಗೆ ತಾಗಿಯೂ ತಾಗದಂತೆ ಹಾಯಬೇಕಾದ ಕಡೆ ಕಾಲು ಮಿಲಿಮೀಟರ್ ಎಂದರೆ ಬಹಳವಾಯಿತು. ತೆಳು ಸೂಜಿಗೆ ಹೊಂದಿಸಿದ ಮಷಿನ್ನಿಗೆ ದಪ್ಪ ಸೂಜಿ ಹಾಕಿದರೆ ಹುಕ್ ಉಜ್ಜುತ್ತದೆ; ದಪ್ಪಕ್ಕೆ ಹೊಂದಿಸಿ ತೆಳುವಿನದು ಹಾಕಿದರೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ.

ನಾನು 140ರ ಹೊಸ ಸೂಜಿ ಹಾಕಿಯೇ ಕೂತೆ. ಸೂಜಿಯ ಉದ್ದ ಗೀರು ಹುಕ್ ಇಲ್ಲದ ಬದಿಗೆ, ಕಣ್ಣಿನ ಮೇಲಿರುವ ತಗ್ಗು ಹುಕ್ ಕಡೆಗೆ. ಸೂಜಿ ತೀರಾ ಕೆಳಗೆ ಇಳಿದು, ಅಲ್ಲಿಂದ ಎರಡೂಕಾಲು ಮಿಲಿಮೀಟರ್ ಆಸುಪಾಸು ಮೇಲೇರಿದಾಗ ಹುಕ್‌ನ ಮೊನೆ ಸೂಜಿಯ ನಡುವಿಗೆ ಬರಬೇಕು, ಅದೂ ಸೂಜಿಕಣ್ಣಿನ ಮೇಲಂಚಿಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಮೇಲೆ. ಸೂಜಿ ಹಿಂದಿರುಗಿ ಏರಲು ತೊಡಗಿದಾಗ ಚರ್ಮ ದಾರವನ್ನು ಹಿಡಿದುಕೊಳ್ಳುತ್ತದೆ, ಏರಲಾಗದ ದಾರ ತಗ್ಗಿನ ಕಡೆಗೆ ಕುಣಿಕೆಯಾಗಿ ಉಬ್ಬುತ್ತದೆ, ಹುಕ್ ಹೊಕ್ಕಬೇಕಾದ್ದು ಅದರೊಳಕ್ಕೆ. ಬೇಗ ಬಂದರೆ ಕುಣಿಕೆ ಇನ್ನೂ ಹುಟ್ಟಿರುವುದಿಲ್ಲ, ತಡವಾದರೆ ಕಣ್ಣು ಹುಕ್‌ನ ಮೊನೆಯನ್ನು ದಾಟಿ ಮೇಲೆ ಹೋಗಿರುತ್ತದೆ. ಫೂಟ್ ಎರಡನ್ನೂ ಎತ್ತಿ, ಟಾರ್ಚ್ ಹಿಡಿದು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ನೋಡಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ.

ಟೈಮಿಂಗ್ ಸರಿಯಿದ್ದೂ ದಪ್ಪ ಚರ್ಮದಲ್ಲಿ ಹೊಲಿಗೆ ಬಿಟ್ಟುಹೋಗುತ್ತಿದ್ದರೆ ಫೂಟ್ ಕಡೆ ನೋಡಿ. ಒತ್ತಡ ಸಾಲದಿದ್ದಾಗ ಸೂಜಿ ಮೇಲೇಳುವಾಗ ಚರ್ಮವೂ ಅದಕ್ಕೆ ಅಂಟಿಕೊಂಡು ಏಳುತ್ತದೆ, ಕುಣಿಕೆ ಆಗುವುದೇ ಇಲ್ಲ. ಒತ್ತಡ ಏರಿಸಿದರೆ ಹೋಗುತ್ತದೆ, ಆದರೆ ಮೆತ್ತನೆಯ ಚರ್ಮದ ಮೇಲೆ ಫೂಟ್‌ನ ಅಚ್ಚು ಬೀಳುತ್ತದೆ. ಹಲ್ಲುಗೆರೆ ಇದ್ದ ಫೂಟನ್ನು ನಾನು ಬದಲಿಸಿ, ತಳ ನುಣುಪಾದದ್ದನ್ನು ಹಾಕಿಕೊಂಡೆ. ಅದರ ಅಂಚನ್ನೂ ಸಣ್ಣ ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿದೆ. ಒಳಗಿನ, ಹೊರಗಿನ ಫೂಟ್‌ಗಳ ಏರಿಳಿತ ಹೆಚ್ಚುಕಡಿಮೆ ಸಮ ಇರಲಿ. ಒಂದು ಕುಂಟಿದರೆ ಪದರ ಏರುವ ಜಾಗದಲ್ಲಿ ಹೊಲಿಗೆ ಗಿಡ್ಡವಾಗುತ್ತದೆ.

ಇಷ್ಟಾದ ಮೇಲೆ ಟೆನ್ಷನ್‌ನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೊದಲು ಬಾಬಿನ್ ಕೇಸ್, ಆಮೇಲೆ ಮೇಲಿನದು, ಮೇಲಿನ ದಾರ ಕೆಳಗಿನ ದಾರ ಕೂಡುವ ಗಂಟು ಚರ್ಮದ ದಪ್ಪದ ನಡುವೆ ಅಡಗುವವರೆಗೆ. ಹೊಲಿಯಲಿರುವ ಚರ್ಮದ್ದೇ ತುಂಡಿನ ಮೇಲೆ ಪರೀಕ್ಷಿಸಬೇಕು, ಬಟ್ಟೆಯ ಮೇಲೆ ನೋಡಿ ಪ್ರಯೋಜನವಿಲ್ಲ. ದಪ್ಪ ದಾರದಲ್ಲಿ ಮಾತ್ರ ಕಾಣಿಸಿಕೊಳ್ಳುವ ಒಂದು ತೊಂದರೆ ಇದೆ: ಪ್ರತಿ ಹೊಲಿಗೆಗೂ ಟಪ್ ಎಂದು ಸದ್ದಾಗಿ ದಾರ ಜಗ್ಗಿದಂತಾಗುವುದು. ಬಾಬಿನ್ ಕೇಸನ್ನು ಒಂದು ಕ್ಷಣ ಹಿಂದಕ್ಕೆಳೆದು ದಾರಕ್ಕೆ ದಾರಿ ಬಿಡುವ ಸಣ್ಣ ತೋಳು ಒಂದಿದೆ, ಅದು ಸಾಕಷ್ಟು ತೆರೆಯುತ್ತಿಲ್ಲ ಎಂದು ಅರ್ಥ. ಅದರ ಸ್ಕ್ರೂ ಸಡಿಲಿಸಿ, ದಾರದ ದಪ್ಪಕ್ಕಿಂತ ತುಸು ಹೆಚ್ಚು ಸಂದು ಬಿಡುವಂತೆ ಕೂರಿಸಿದೆ; ಸದ್ದು ನಿಂತಿತು. ಟೆಕ್ಸ್ 135ಕ್ಕಿಂತ ದಪ್ಪ ದಾರವನ್ನು ಈ ಮಷಿನ್ನಿಗೆ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಬೇರೆ ವರ್ಗದ ಮಷಿನ್‌ಗಳಿವೆ.

ಜೊತೆಗೆ ಬಂದಿದ್ದ ಕ್ಲಚ್ ಮೋಟಾರನ್ನು ಬಿಚ್ಚಿ ಪಕ್ಕಕ್ಕಿಟ್ಟೆ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ನಾಲ್ಕು ಪೋಲಿನ (ಕಾಂತಧ್ರುವಗಳ) ಇಂಥ ಮೋಟಾರ್, ಹೊಲಿಯದಿರುವಾಗಲೂ, ನಿಮಿಷಕ್ಕೆ 1,400ಕ್ಕೂ ಹೆಚ್ಚು ಸುತ್ತು ತಿರುಗುತ್ತಲೇ ಇರುತ್ತದೆ. ಉದ್ದನೆಯ ನೇರ ಹೊಲಿಗೆ ಹಾಕುವವರಿಗೆ ಅದು ಸರಿ. ಚೀಲದ ಮೂಲೆ ತಿರುಗಿಸುವವನಿಗೆ ಒಂದೊಂದೇ ಹೊಲಿಗೆ ಬೇಕು. ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರ್ ಹಾಕಿ, ಅದಕ್ಕೆ ಚಿಕ್ಕ ಪುಲಿ ಕೂರಿಸಿದೆ. ಪುಲಿಯ ಅಳತೆ ಅರ್ಧವಾದರೆ ವೇಗ ಅರ್ಧ, ತಿರುಚುವ ಬಲ ಎರಡು ಪಟ್ಟು. ದಪ್ಪ ಜಾಗದಲ್ಲಿ ಸೂಜಿ ಸಿಕ್ಕಿ ನಿಲ್ಲುವುದು ಅಲ್ಲಿಗೆ ತಪ್ಪಿತು.

ಹೊಲಿಗೆಯ ಉದ್ದ ಬದಲಿಸಲು ಹಾಸಿನ ಮೇಲಿನ ಗುಂಡಿ ಒತ್ತಿ ಹಿಡಿದು, ಅದು ಒಳಗಿನ ಕಚ್ಚಿಗೆ ಇಳಿಯುವವರೆಗೆ ಚಕ್ರ ತಿರುಗಿಸಿ, ಬೇಕಾದ ಗುರುತಿಗೆ ತರಬೇಕು. ಚರ್ಮದಲ್ಲಿ ಬಿದ್ದ ತೂತು ಬಟ್ಟೆಯಲ್ಲಿನಂತೆ ಮುಚ್ಚಿಕೊಳ್ಳುವುದಿಲ್ಲ, ಹೊಲಿಗೆ ತೀರಾ ಒತ್ತಾದರೆ ಚರ್ಮ ಅದೇ ಗೆರೆಯುದ್ದಕ್ಕೆ ಹರಿಯುತ್ತದೆ. ಹಾಗಾಗಿ ನಾನು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಇಡುವುದಿಲ್ಲ. ಹಿಂದಕ್ಕೆ ಹೊಲಿಯುವ ಸೌಕರ್ಯ ಈ ಮಷಿನ್ನಿಗೆ ಇಲ್ಲ. ಕೊನೆಯಲ್ಲಿ ಸೂಜಿಯನ್ನು ಚರ್ಮದಲ್ಲೇ ಇಳಿಸಿಟ್ಟು, ಫೂಟ್ ಎತ್ತಿ, ತುಂಡನ್ನೇ ತಿರುಗಿಸಿ ಅವೇ ತೂತುಗಳಲ್ಲಿ ಎರಡು ಮೂರು ಹೊಲಿಗೆ ವಾಪಸು ಬರುತ್ತೇನೆ. ತಿರುಗಿಸಲು ಜಾಗವಿಲ್ಲದ ಕಡೆ ದಾರದ ತುದಿಗಳನ್ನು ಹಿಂಬದಿಗೆ ಎಳೆದು ಗಂಟು ಹಾಕಿ, ಪಾಲಿಯೆಸ್ಟರ್ ಆದರೆ ತುದಿಗೆ ಲೈಟರ್ ತಾಗಿಸಿ ಕರಗಿಸಿ ಒತ್ತುತ್ತೇನೆ.