ಗಿರಿ ರಸ್ತೆಗೆ ಹೊಂದುವ ಕಡಿಮೆ ಖರ್ಚಿನ ಗೇರ್ ಮತ್ತು ಬ್ರೇಕ್

1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಚಿಕ್ಕಮಗಳೂರಿನಿಂದ ರೋಡ್ ಬೈಕ್ (ಡಾಂಬರು ರಸ್ತೆಯ ಸೈಕಲ್) ಹತ್ತಿಸುವವರಿಗೆ ಹಿಂದೆ ದೊಡ್ಡ ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗುಚ್ಛ) ಬೇಕೇ ಬೇಕು. ಅದಕ್ಕಾಗಿ ದುಬಾರಿ ಗ್ರೂಪ್‌ಸೆಟ್ (ಗೇರ್ ಮತ್ತು ಬ್ರೇಕ್ ಭಾಗಗಳ ಪೂರ್ಣ ಜೋಡಿ) ಕೊಳ್ಳಬೇಕಾಗಿಲ್ಲ. ಶಿಮಾನೊ ಕಂಪನಿಯ 8 ಸ್ಪೀಡ್ (ಹಿಂದೆ 8 ಹಲ್ಲುಗಾಲಿಗಳ) ಕ್ಲಾರಿಸ್ ಅಥವಾ 9 ಸ್ಪೀಡ್ ಸೋರಾ ಮಾದರಿಯ ಶಿಫ್ಟರ್ (ಗೇರ್ ಬದಲಿಸುವ ಲಿವರ್) ಎಳೆಯುವ ಕೇಬಲ್‌ನ ಅಳತೆ ಅದೇ ಕಂಪನಿಯ 9 ಸ್ಪೀಡ್ ಮೌಂಟನ್ ಬೈಕಿನ ಡಿರೇಲರ್‌ಗೂ (ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ಸರಿಸುವ ಭಾಗ) ಸರಿಹೊಂದುವುದರಿಂದ, ಅಲಿವಿಯೊ ದರ್ಜೆಯ ಡಿರೇಲರ್ ಹಾಕಿ 11-34 ಹಲ್ಲಿನ (ಅತಿ ಚಿಕ್ಕ ಗಾಲಿಗೆ 11, ಅತಿ ದೊಡ್ಡದಕ್ಕೆ 34 ಹಲ್ಲು) ಕ್ಯಾಸೆಟ್ ಬಳಸಬಹುದು. ಕ್ಯಾಸೆಟ್ ಮತ್ತು ಚೈನ್ ಮಾತ್ರ ಶಿಫ್ಟರ್‌ನಷ್ಟೇ ಸ್ಪೀಡಿನವಾಗಿರಬೇಕು. ಚೈನಿನ ಉದ್ದವನ್ನು ದೊಡ್ಡ ಹಲ್ಲುಗಾಲಿಗೆ ತಕ್ಕಂತೆ ಹೊಸದಾಗಿ ಅಳೆಯಬೇಕು. ಶಿಮಾನೊದ್ದೇ 10 ಸ್ಪೀಡ್ ಟಿಯಾಗ್ರಾ 4700 ಮಾದರಿಯ ಕೇಬಲ್ ಎಳೆತ ಬೇರೆಯಾದ್ದರಿಂದ ಅದನ್ನು ಹಳೆಯ 10 ಸ್ಪೀಡ್ ಭಾಗಗಳೊಂದಿಗೆ ಬೆರೆಸಬಾರದು. ಇನ್ನೊಂದು ಕಂಪನಿಯಾದ ಸ್ರ್ಯಾಮ್‌ನ ರೋಡ್ ಶಿಫ್ಟರ್‌ಗೆ ಶಿಮಾನೊ ಡಿರೇಲರ್ ಕೂಡ ಹೊಂದುವುದಿಲ್ಲ.

ಹಳೆಯ ಭಾಗ ಕೊಳ್ಳುವುದಾದರೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಮತ್ತು ಡಿರೇಲರ್ ಪರವಾಗಿಲ್ಲ, ಆದರೆ ಚೈನ್, ಕೇಬಲ್, ಬ್ರೇಕ್ ಪ್ಯಾಡ್‌ಗಳನ್ನು ಹೊಸದಾಗಿಯೇ ತರಬೇಕು.

ಬ್ರೇಕಿನಲ್ಲಿ ಉಳಿತಾಯಕ್ಕಿಂತ ಎಚ್ಚರ ಮುಖ್ಯ. ಸಾಮಾನ್ಯ ರೋಡ್ ಲಿವರ್ ಎಳೆಯುವ ಕೇಬಲ್ ವಿ-ಬ್ರೇಕಿಗೆ (ಎರಡು ಉದ್ದ ತೋಳುಗಳಿಂದ ರಿಮ್ ಹಿಡಿಯುವ ಬ್ರೇಕ್) ಸಾಲದು. ಕೇಬಲ್‌ನಿಂದ ನಡೆಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕ್ ಆದರೆ ರೋಡ್ ಮಾದರಿಯ ಕ್ಯಾಲಿಪರನ್ನೇ (ಡಿಸ್ಕ್ ಹಿಡಿಯುವ ಭಾಗ) ಕೇಳಿ ಪಡೆಯಿರಿ. ರಿಮ್ ಬ್ರೇಕ್ ಇದ್ದವರು ರಬ್ಬರನ್ನಷ್ಟೇ ಬದಲಿಸಬಹುದಾದ ಕಾರ್ಟ್ರಿಡ್ಜ್ ಪ್ಯಾಡ್ ಹಾಕಿಸಿಕೊಂಡು, ಮಳೆಗಾಲದಲ್ಲಿ ಘಟ್ಟದ ಕೆಸರು ಮೆತ್ತಿದ ರಿಮ್ಮನ್ನು ಪ್ರತಿ ಸವಾರಿಯ ನಂತರ ಒರೆಸಿ, ಪ್ಯಾಡಿನಲ್ಲಿ ನಾಟಿದ ಮರಳಿನ ಹರಳುಗಳನ್ನು ಕಿತ್ತು ತೆಗೆಯಬೇಕು.