ಮಷಿನ್ ಪ್ರೋಗ್ರಾಂ ಹೊರಗಡೆ ಮಾಡಿಸೋದು ಬಿಟ್ಟು ನಾವೇ ಕಲ್ತಿದ್ದು - ನನ್ನ ಅನುಭವ

ತುಮಕೂರು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಸಣ್ಣ ಜಾಬ್ ವರ್ಕ್ ಶಾಪು. ಫ್ಲೇಂಜು, ಪಂಪ್ ಕವರು, ಬ್ರಾಕೆಟ್ಟು ಇಂಥವೇ ಜಾಸ್ತಿ, ಲಾಟ್ ಸಣ್ಣದು, ಅಂದ್ರೆ ಒಂದ್ಸಲಕ್ಕೆ ಕೆಲವೇ ಪೀಸು. ಮೊದಲು ವಿಎಂಸಿ (ಪ್ರೋಗ್ರಾಂ ಹೇಳಿದಂಗೆ ಲೋಹ ಕೊರೆಯೋ ಮಿಲ್ಲಿಂಗ್ ಮಷಿನ್ನು) ಪ್ರೋಗ್ರಾಂ ಬೆಂಗಳೂರಿನ ಪೀಣ್ಯದಿಂದ ಒಬ್ರು ಮಾಡಿ ಕಳಿಸೋರು, ಕೆಲಸ ಚೆನ್ನಾಗೇ ಮಾಡೋರು, ಆದ್ರೆ ಕಸ್ಟಮರ್ ಒಂದು ಹೋಲ್ ಜಾಗ ಬದಲಾಯಿಸಿದ್ರೂ ಮತ್ತೆ ಫೋನು ಮತ್ತೆ ಕಾಯೋದು, ಅಷ್ಟೊತ್ತೂ ಮಷಿನ್ ಸುಮ್ನೆ ನಿಂತಿರೋದು. ಸಣ್ಣ ಲಾಟ್‌ಗೆ ಇದು ಗಿಟ್ಟಲ್ಲ.

ಅದಕ್ಕೇ ಹೊಸ ಮಷಿನ್ ತಗೊಳ್ಳುವಾಗ ಸೀಮೆನ್ಸ್ 828ಡಿ ಕಂಟ್ರೋಲು (ಮಷಿನ್ ನಡೆಸೋ ಕಂಪ್ಯೂಟರ್ರು), ಅದರಲ್ಲಿ ಶಾಪ್‌ಮಿಲ್ ಸೇರಿಸಿ ತಗೊಂಡ್ವಿ. ಶಾಪ್‌ಮಿಲ್ ಅಂದ್ರೆ ಕೋಡ್ ಬರೆಯದೆ, ಮಷಿನ್ ಸ್ಕ್ರೀನ್ ಕೇಳೋ ಅಳತೆ ತುಂಬಿಸಿ ಪ್ರೋಗ್ರಾಂ ಮಾಡೋ ವ್ಯವಸ್ಥೆ. ಫಾನುಕ್ ಕಂಪನಿ ಕಂಟ್ರೋಲ್‌ನಲ್ಲೂ ಇದೇ ಥರ ಮ್ಯಾನುಯಲ್ ಗೈಡ್ ಐ ಅಂತ ಇದೆ.

ಒಂದು ಉದಾಹರಣೆ ಹೇಳ್ತೀನಿ. 100 ಎಂಎಂ ಪಿಸಿಡಿ (ಹೋಲ್‌ಗಳ ಸೆಂಟರ್ ಕೂರೋ ವೃತ್ತದ ವ್ಯಾಸ) ಮೇಲೆ ಆರು ಎಂ8 ಟ್ಯಾಪ್, ಅಂದ್ರೆ 8 ಎಂಎಂ ಬೋಲ್ಟ್ ಕೂರೋ ಥ್ರೆಡ್ ಹೋಲ್ ಇದೆ ಅಂದ್ಕೊಳ್ಳಿ. ಜೀ ಕೋಡಲ್ಲಿ (ಮಷಿನ್ನಿಗೆ ಸಾಲು ಸಾಲಾಗಿ ಬರೆಯೋ ಆದೇಶ) ಒಂದೊಂದೇ ಪಾಯಿಂಟ್ ಬರೆಯೋದಾದ್ರೆ, ಸೆಂಟರ್ ಸೊನ್ನೆ ಇಟ್ಕೊಂಡು, 60 ಡಿಗ್ರಿ ಹೋಲ್‌ಗೆ ಎಕ್ಸ್ 25, ವೈ 43.301 ಅಂತ ಸೈನ್ ಕಾಸ್ ಹಾಕಿ ಲೆಕ್ಕ ತೆಗೀಬೇಕು. ಶಾಪ್‌ಮಿಲ್‌ನಲ್ಲಿ ಸೆಂಟರ್ ಎಲ್ಲಿ, ರೇಡಿಯಸ್ 50, ಶುರುವಿನ ಆಂಗಲ್, ಎಷ್ಟು ಹೋಲ್, ಇಷ್ಟೇ ಕೇಳುತ್ತೆ, ಪಕ್ಕದಲ್ಲೇ ಚಿತ್ರ ತೋರಿಸುತ್ತೆ. ಸೆಂಟರಿಂಗು, 6.8 ಎಂಎಂ ಡ್ರಿಲ್ಲು, ಟ್ಯಾಪಿಂಗು ಮೂರೂ ಮೇಲೆ ಬರೆದು ಕೆಳಗೆ ಪೊಸಿಷನ್ ಒಂದೇ ಸಲ ಕೊಟ್ರೆ ಸಾಕು, ಮೂರಕ್ಕೂ ಅದೇ ತಗೊಳ್ಳುತ್ತೆ. ಕಸ್ಟಮರ್ ಪಿಸಿಡಿ ಬದಲಾಯಿಸಿದ್ರೆ ನಾವು ಬದಲಾಯಿಸೋದು ಒಂದೇ ಅಂಕಿ!

ಇದನ್ನ ಬೇಗ ಕಲ್ತಿದ್ದು ಯಾರು ಅಂದ್ರೆ ನಮ್ಮ ಹಳೇ ಮಿಲ್ಲಿಂಗ್ ಆಪರೇಟರ್ ಅಣ್ಣ. ಕಂಪ್ಯೂಟರ್ ಮುಟ್ಟಿದೋರಲ್ಲ, ಆದ್ರೆ ಡ್ರಾಯಿಂಗ್ ನೋಡಿದ ತಕ್ಷಣ ಯಾವ ಮುಖ ಮೊದಲು ಹೊಡೀಬೇಕು ಎಲ್ಲಿ ಹಿಡೀಬೇಕು ಅಂತ ಹೇಳೋರು. "ಸಾರ್, ಇದು ಡ್ರಾಯಿಂಗಲ್ಲಿ ಇರೋದನ್ನೇ ತಾನೇ ಕೇಳ್ತಿರೋದು" ಅಂದ್ರು. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ನಮ್ದು, ಇಂಥ ಕೈಗಳು ಇಲ್ಲಿ ಇನ್ನೂ ಇದಾವೆ, ಪ್ರೋಗ್ರಾಮರ್ ಹುಡುಕೋಕೆ ಮುಂಚೆ ಅವರನ್ನ ಕೂರಿಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಆದ್ರೆ ಸಿಮ್ಯುಲೇಶನ್ (ಸ್ಕ್ರೀನ್ ಮೇಲೆ ಪ್ರೋಗ್ರಾಂ ಓಡಿಸಿ ನೋಡೋದು) ಸರಿ ಬಂತು ಅಂತ ಸೈಕಲ್ ಸ್ಟಾರ್ಟ್ ಒತ್ತಬೇಡಿ. ಪೀಸ್ ಹಿಡಿಯೋಕೆ ನಾವು ಹಾಕಿರೋ ಕ್ಲ್ಯಾಂಪು ಅದರಲ್ಲಿ ಕಾಣ್ಸಲ್ಲ, ಟೂಲ್ ಅಲ್ಲೇ ಹೋಗಿ ಹೊಡೀಬಹುದು. ರಿಟ್ರಾಕ್ಷನ್ ಪ್ಲೇನ್ (ಟೂಲ್ ಮೇಲೆದ್ದು ನಿಲ್ಲೋ ಎತ್ತರ) ಕ್ಲ್ಯಾಂಪಿಗಿಂತ ಮೇಲೆ ಕೊಡಬೇಕು, ಜಿ54 (ಪೀಸಿನ ಸೊನ್ನೆ ಜಾಗ) ಮತ್ತೆ ಟೂಲ್ ಲೆಂತ್ ಇನ್ನೊಂದ್ಸಲ ನೋಡ್ಬೇಕು, ಮೊದಲನೇ ಪೀಸು ಸಿಂಗಲ್ ಬ್ಲಾಕಲ್ಲಿ (ಒಂದೊಂದೇ ಸಾಲು ಓಡಿಸೋದು), ರ‍್ಯಾಪಿಡ್ ಅಂದ್ರೆ ಕಟಿಂಗ್ ಇಲ್ಲದಾಗಿನ ಓಟದ ವೇಗ ಕಮ್ಮಿ ಇಟ್ಟು ಮಾಡ್ಬೇಕು, ಕೈ ಫೀಡ್ ಹೋಲ್ಡ್ (ಟೂಲ್ ಓಟ ನಿಲ್ಲಿಸೋ ಬಟನ್ನು) ಹತ್ರನೇ ಇರ್ಬೇಕು. ಜೀ ಕೋಡ್ ಓದೋಕೆ ಸ್ವಲ್ಪ ಬಂದ್ರೆ ಒಳ್ಳೇದು, ಹಳೇ ಮಷಿನ್ನಿಗೆ ಅದೇ ಬೇಕು.

ಡ್ರಾಯಿಂಗ್ ರಿವಿಷನ್ ನಂಬರ್ (ಎಷ್ಟನೇ ತಿದ್ದುಪಡಿ ಅನ್ನೋದು) ಪ್ರೋಗ್ರಾಂ ಹೆಸರಲ್ಲೇ ಹಾಕಿ ಇಡ್ತೀವಿ, ಇದೊಂದು ಅಭ್ಯಾಸ ಮೊದಲಿಂದಲೇ ಮಾಡ್ಕೊಳ್ಳಿ. ಇನ್ನು ಡೈ ಮೋಲ್ಡ್ ಥರ 3ಡಿ ಸರ್ಫೇಸ್ ಬಂದ್ರೆ ಕ್ಯಾಮ್ ಸಾಫ್ಟ್‌ವೇರೇ (ಕಂಪ್ಯೂಟರಲ್ಲಿ 3ಡಿ ಮಾಡೆಲ್‌ನಿಂದ ಪ್ರೋಗ್ರಾಂ ಮಾಡೋದು) ಬೇಕು, ಅದನ್ನ ಈಗಲೂ ಪೀಣ್ಯದಲ್ಲೇ ಮಾಡಿಸ್ತೀವಿ.