ಮೊದಲ ಬೈಕ್‌ಪ್ಯಾಕಿಂಗ್: ಹೊರಡುವ ಮುಂಚೆ ಕಟ್ಟಲು ಕಲಿಯಿರಿ

ಹೋದ ಡಿಸೆಂಬರಿನಲ್ಲಿ ಬನ್ನೂರಿನ ಹತ್ತಿರ ಇಬ್ಬರು ಹುಡುಗರು ರಸ್ತೆ ಪಕ್ಕ ಸೈಕಲ್ ಮಲಗಿಸಿಕೊಂಡು ಕೂತಿದ್ದರು. ಒಬ್ಬನ ಸೀಟಿನ ಹಿಂದಿನ ಚೀಲ ಜಾರಿ ಟೈರಿಗೆ ಉಜ್ಜಿತ್ತು. ಚೀಲದ ತಳದಲ್ಲಿ ಅಂಗೈ ಅಗಲದ ತೂತು. ಒಳಗಿದ್ದ ಸ್ವೆಟರಿಗೂ ತೂತು. ಬೆಳಿಗ್ಗೆ ಆರಕ್ಕೆ ಮೈಸೂರು ಬಿಟ್ಟವರು, ಎಂಟೂವರೆಗೆಲ್ಲ ವಾಪಸ್ ಹೋಗಲು ಲಗೇಜ್ ಆಟೊ ಹುಡುಕುತ್ತಿದ್ದರು. ಸೈಕಲ್ ಚೆನ್ನಾಗಿತ್ತು. ಕಾಲಲ್ಲಿ ಕಸುವೂ ಇತ್ತು. ಕಟ್ಟಿದ್ದು ಸರಿ ಇರಲಿಲ್ಲ, ಅಷ್ಟೇ.

ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಜನ ತಿಂಗಳುಗಟ್ಟಲೆ ದಾರಿ ನೋಡುತ್ತಾರೆ, ಸಾಮಾನು ಕೊಳ್ಳುತ್ತಾರೆ. ಅದನ್ನೆಲ್ಲ ಸೈಕಲ್ಲಿಗೆ ಕಟ್ಟುವುದು ಮಾತ್ರ ಹೊರಡುವ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ. ಅದಕ್ಕೇ ಈ ಲೇಖನದಲ್ಲಿ ಕಟ್ಟುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಸರಿನಲ್ಲಿ ಬೈಕ್ ಅಂತ ಇದ್ದರೂ ಇದು ಸೈಕಲ್ ಪ್ರವಾಸ. ಒಂದೆರಡು ರಾತ್ರಿಗೆ ಬೇಕಾದ ಸಾಮಾನನ್ನು ಸಣ್ಣ ಚೀಲಗಳಲ್ಲಿ ತುಂಬಿ, ಫ್ರೇಮಿಗೆ, ಹ್ಯಾಂಡಲ್ಲಿಗೆ, ಸೀಟಿನ ಹಿಂದೆ ಬಿಗಿದುಕೊಂಡು ಹೋಗುವುದು.

1. ದಾರಿ: ಹತ್ತಿರದ್ದು, ಸಮತಟ್ಟಾದದ್ದು

ಮೊದಲ ಸಲಕ್ಕೆ ಎರಡು ದಿನ, ಒಂದು ರಾತ್ರಿ ಸಾಕು. ದಿನಕ್ಕೆ ಐವತ್ತರಿಂದ ಅರವತ್ತು ಕಿಲೋಮೀಟರ್. ಸುಮ್ನೆ ಸವಾರಿ ಮಾಡುವಾಗ ನೂರು ಹೊಡೆಯುವವರಿಗೂ ಇದೇ ಲೆಕ್ಕ. ಹೊರೆ ಹೊತ್ತ ಸೈಕಲ್ಲೇ ಬೇರೆ.

ನಾನು ಎಲ್ಲರಿಗೂ ಹೇಳುವ ದಾರಿ ಒಂದೇ. ಮೈಸೂರಿನಿಂದ ಬನ್ನೂರು, ಅಲ್ಲಿಂದ ಸೋಮನಾಥಪುರ, ತಿರುಮಕೂಡಲು ನರಸೀಪುರ, ರಾತ್ರಿಗೆ ತಲಕಾಡು. ಮಾರನೇ ದಿನ ನರಸೀಪುರ, ವರುಣ ಮೇಲೆ ಮೈಸೂರು. ಎರಡೂ ದಿನ ಸೇರಿ ಸುಮಾರು 110 ಕಿಲೋಮೀಟರ್. ದೊಡ್ಡ ಏರು ಇಲ್ಲ. ನಾಲೆ, ಗದ್ದೆ, ಕಬ್ಬು ನೋಡಿಕೊಂಡು ಹೋಗಬಹುದು. ಎಲ್ಲಿ ಸೈಕಲ್ ಕೈಕೊಟ್ಟರೂ ನಡೆಯುವ ದೂರದಲ್ಲಿ ಊರು ಸಿಗುತ್ತದೆ. ಸೋಮನಾಥಪುರದ ಕೇಶವ ದೇವಾಲಯ 1258ರದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದೆ. ಅಲ್ಲಿಗೆ ಒಂದು ಗಂಟೆ ತೆಗೆದಿಡಿ. ಬಿಸಿಲು ಏರುವ ಹೊತ್ತಿಗೆ ಕಾಲಿಗೂ ವಿಶ್ರಾಂತಿ ಸಿಕ್ಕಿದ ಹಾಗಾಗುತ್ತದೆ.

ಬೆಂಗಳೂರಿನವರು ಹೊಸ ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಹೊಡೆದುಕೊಂಡು ಮೈಸೂರಿಗೆ ಬರುವ ಯೋಚನೆ ಬಿಡಿ. 2023ರ ಆಗಸ್ಟಿನಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ. ಸೈಕಲ್ಲನ್ನು ರೈಲಿನಲ್ಲಿ ತನ್ನಿ. ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಟಿಕೆಟ್, ಗುರುತಿನ ಚೀಟಿ ತೋರಿಸಿ ಲಗೇಜ್ ಎಂದು ಬುಕ್ ಮಾಡಬೇಕು. ರೈಲು ಹೊರಡುವುದಕ್ಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರಿ. ಚೀಲಗಳನ್ನೆಲ್ಲ ಬಿಚ್ಚಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ.

ಹೋಗುವ ಕಾಲ: ನವೆಂಬರ್ ಕೊನೆಯಿಂದ ಫೆಬ್ರವರಿ.

2. ಸೈಕಲ್: ಇರುವುದೇ ಸಾಕು

ಗೇರ್ ಇರುವ ಹೈಬ್ರಿಡ್ (ಊರಿಗೂ ರಸ್ತೆಗೂ ಆಗುವ ಸೈಕಲ್) ಅಥವಾ ಎಂಟಿಬಿ (ದಪ್ಪ ಟೈರಿನ ಮೌಂಟನ್ ಬೈಕ್) ಇದ್ದರೆ ಹೊಸದು ಬೇಡ. ಬ್ರೇಕ್ ಪ್ಯಾಡ್ ಸವೆದಿದ್ದರೆ ಬದಲಿಸಿ, ಚೈನಿಗೆ ಎಣ್ಣೆ ಬಿಡಿ, ಟೈರಿನ ಬದಿಯಲ್ಲಿ ಬಿರುಕಿದೆಯಾ ನೋಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಳ್ಳಿದಾಗ ಕಾಲು ನೇರವಾಗಬೇಕು. ಅದೇ ಸೀಟಿನ ಸರಿಯಾದ ಎತ್ತರ. ಜೆಲ್ ತುಂಬಿದ ಸೀಟ್ ಕವರ್ ಖಂಡಿತ ಕೊಳ್ಳಬೇಡಿ. ಮೊದಲ ಅರ್ಧ ಗಂಟೆ ಹಾಯಾಗಿರುತ್ತದೆ, ಆಮೇಲೆ ಜರುಗಿ ಜರುಗಿ ತೊಡೆ ಸಂದಿನ ಚರ್ಮ ಸುಲಿಯುತ್ತದೆ. ಆ ದುಡ್ಡಿಗೆ ಒಂದು ಪ್ಯಾಡ್ ಇರುವ ಚಡ್ಡಿ ಬರುತ್ತದೆ.

3. ಏನೇನು ಒಯ್ಯಬೇಕು

ಒಂದು ಜೊತೆ ಬಟ್ಟೆ, ಒಂದು ತೆಳು ಸ್ವೆಟರ್, ಪಂಚೆ ಅಥವಾ ತೆಳು ಟವೆಲ್, ಚಪ್ಪಲಿ, ಔಷಧಿ, ಚಾರ್ಜರ್, ಹಿಂದೆ ಮುಂದೆ ಲೈಟು, ಬೀಗ, ಪಂಕ್ಚರ್ ಸಾಮಾನು. ನೀರು ಬಿಟ್ಟು ಎಲ್ಲ ಸೇರಿ ಆರು ಕಿಲೋ ಮೀರಬಾರದು. ಚೀಲಗಳನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.

ಟೆಂಟು, ಒಲೆ ಎರಡೂ ಈ ಸಲ ಬೇಡ. ದಾರಿ ಉದ್ದಕ್ಕೂ ಇಡ್ಲಿ, ಚಿತ್ರಾನ್ನ, ಎಳನೀರು ಸಿಗುವಾಗ ಪಾತ್ರೆ ಯಾಕೆ ಹೊರಬೇಕು?

4. ಕಟ್ಟುವುದು

ಇದಕ್ಕೆ ಒಂದು ಇಡೀ ಭಾನುವಾರ ಕೊಡಿ.

ಮೂರು ಜಾಗ, ಮೂರು ಥರದ ಸಾಮಾನು. ಭಾರವಾದದ್ದು ಫ್ರೇಮಿನ ನಡುವಿನ ತ್ರಿಕೋನದಲ್ಲಿ: ಬೀಗ, ಪಂಪು, ಸ್ಪ್ಯಾನರ್, ಟ್ಯೂಬು, ಪವರ್ ಬ್ಯಾಂಕ್. ಹಗುರವಾಗಿ ಉಬ್ಬಿಕೊಳ್ಳುವಂಥದ್ದು ಹ್ಯಾಂಡಲ್ಲಿಗೆ: ಸ್ವೆಟರ್, ಟವೆಲ್. ಮೆತ್ತಗಿನ ಬಟ್ಟೆಯೆಲ್ಲ ಸೀಟಿನ ಹಿಂದೆ. ಭಾರ ಕೆಳಗೆ, ನಡುವೆ ಇದ್ದಷ್ಟೂ ಸೈಕಲ್ ಮಾತು ಕೇಳುತ್ತದೆ. ಬೀಗವನ್ನು ಸೀಟಿನ ಚೀಲಕ್ಕೆ ತುರುಕಿದರೆ, ಏರಿನಲ್ಲಿ ಎದ್ದು ನಿಂತು ತುಳಿದಾಗ ಹಿಂದಿನಿಂದ ಯಾರೋ ಎಡಕ್ಕೆ ಬಲಕ್ಕೆ ಎಳೆದ ಹಾಗಾಗುತ್ತದೆ.

ಹೆಚ್ಚು ಜನ ಸೋಲುವುದು ಈ ಸೀಟಿನ ಚೀಲದಲ್ಲೇ. ಅದನ್ನು ಕಟ್ಟುವ ಕ್ರಮ ಹೀಗೆ.

ಸೀಟಿನ ಕೆಳಗಿನ ಕಂಬಕ್ಕೆ ಮೊದಲು ಹಳೇ ಟ್ಯೂಬಿನ ಪಟ್ಟಿಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ. ಸೈಕಲ್ ಶಾಪಿನಲ್ಲಿ ಕೇಳಿದರೆ ಹಾಗೇ ಕೊಡುತ್ತಾರೆ. ನುಣುಪಾದ ಕಂಬದ ಮೇಲೆ ಚೀಲದ ಪಟ್ಟಿ ನಿಲ್ಲುವುದಿಲ್ಲ, ರಬ್ಬರ್ ಮೇಲೆ ಕಚ್ಚಿಕೊಳ್ಳುತ್ತದೆ. ಆ ಹುಡುಗನ ಚೀಲ ಜಾರಿದ್ದೂ ಇದಿಲ್ಲದೇ.

ಚೀಲವನ್ನು ನೆಲದ ಮೇಲೆ ನಿಲ್ಲಿಸಿ ತುಂಬಿ. ಚೂಪು ತುದಿ, ಅಂದರೆ ಕಂಬಕ್ಕೆ ತಾಗುವ ಭಾಗ, ಕೆಳಗಿರಲಿ. ಅಲ್ಲಿಗೆ ಚಪ್ಪಲಿಯಂಥ ಗಟ್ಟಿ ವಸ್ತು ಹೋಗಬೇಕು. ಬಟ್ಟೆಗಳನ್ನು ಸುರುಳಿ ಸುತ್ತಿ ಒಂದೊಂದಾಗಿ ಒತ್ತಿ. ಎಲ್ಲೂ ಪೊಳ್ಳು ಬಿಡಬೇಡಿ. ತುಂಬಿದ ಮೇಲೆ ಮಂಡಿಯಿಂದ ಅದುಮಿ ಗಾಳಿ ತೆಗೆದು ಬಾಯಿ ಸುತ್ತಿ. ಬೆರಳಲ್ಲಿ ತಟ್ಟಿದರೆ ಹದವಾಗಿ ತುಂಬಿದ ತಲೆದಿಂಬಿನ ಹಾಗೆ ಗಟ್ಟಿಯಾಗಿರಬೇಕು. ತೂಕ ಎರಡೂವರೆ ಕಿಲೋ ಮೀರಬಾರದು.

ಈಗ ಸೈಕಲ್ಲಿಗೆ. ಚೀಲವನ್ನು ಸೀಟಿನ ಅಡಿಗೆ ಮೇಲೆತ್ತಿ ಹಿಡಿದು, ಮೊದಲು ಕಂಬದ ಪಟ್ಟಿ ಬಿಗಿಯಿರಿ. ಆಮೇಲೆ ಸೀಟಿನ ಅಡಿಯಲ್ಲಿರುವ ಕಂಬಿಗಳ ಪಟ್ಟಿ. ಕೊನೆಗೆ ಬಾಯಿಯ ಪಟ್ಟಿ. ಇದನ್ನು ತಲೆಕೆಳಗು ಮಾಡಿದರೆ ಚೀಲ ಬಾಲದ ಹಾಗೆ ಜೋಲುತ್ತದೆ. ಒಂದು ಸುತ್ತು ಹೋಗಿ ಬಂದು ಮೂರನ್ನೂ ಮತ್ತೆ ಅದೇ ಕ್ರಮದಲ್ಲಿ ಬಿಗಿಯಿರಿ. ಸಾಮಾನು ಕೂತುಕೊಂಡ ಮೇಲೆ ಪಟ್ಟಿ ಸಡಿಲವಾಗಿಯೇ ಆಗುತ್ತದೆ.

ನೀವು ಸೀಟಿನ ಮೇಲೆ ಕೂತಿರುವಾಗ ಇನ್ನೊಬ್ಬರು ಚೀಲಕ್ಕೂ ಟೈರಿಗೂ ನಡುವೆ ಕೈ ಇಟ್ಟು ನೋಡಲಿ. ನಾಲ್ಕು ಬೆರಳು ಅಡ್ಡಲಾಗಿ ಹಿಡಿಸಬೇಕು. ಹಿಡಿಸದಿದ್ದರೆ ಆ ಚೀಲ ನಿಮ್ಮ ಸೈಕಲ್ಲಿಗೆ ಆಗುವುದಿಲ್ಲ. ಗಿಡ್ಡ ಇರುವವರಿಗೆ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಸೀಟೇ ತಗ್ಗಿರುತ್ತದೆ. ಅಂಥವರು ಕ್ಯಾರಿಯರ್ ಹಾಕಿಸಿಕೊಳ್ಳಿ.

ನನ್ನನ್ನು ಕೇಳಿದರೆ, ಅಗ್ಗದ ಸೀಟಿನ ಚೀಲಕ್ಕಿಂತ ಗಟ್ಟಿ ಕ್ಯಾರಿಯರ್ ಎಷ್ಟೋ ವಾಸಿ. ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಡೇರಿಗೆ ಹೋಗುವವರನ್ನು ನೋಡಿ. ಉದ್ದಕ್ಕೆ ಸೀಳಿದ ಟ್ಯೂಬನ್ನು ಎಳೆದು, ಅಡ್ಡಡ್ಡ ಎರಡು ಸುತ್ತು ಹಾಕಿ, ತುದಿಯನ್ನು ಅದರ ಅಡಿಗೇ ಸಿಕ್ಕಿಸುತ್ತಾರೆ. ಹಂಪಿನ ಮೇಲೆ ಹಾರಿದರೂ ಕ್ಯಾನು ಅಲ್ಲಾಡುವುದಿಲ್ಲ. ನೀವೂ ಚೀಲವನ್ನು ಹಾಗೇ ಕಟ್ಟಿ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಮಾತ್ರ ಬೇಡ. ಕೊಕ್ಕೆ ಕಳಚಿದರೆ ನೇರ ಚಕ್ರದ ಕಡ್ಡಿಗೆ ಹೋಗುತ್ತದೆ.

ಹ್ಯಾಂಡಲ್ಲಿನ ಚೀಲ ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕಿನ ಕೇಬಲ್ ಮಡಚಿಕೊಳ್ಳಬಾರದು. ಮುಂದೆ ಸಸ್ಪೆನ್ಷನ್ ಇದ್ದರೆ ಮೈಭಾರ ಹಾಕಿ ಒತ್ತಿ, ಚೀಲ ಟೈರಿಗೆ ತಾಗುತ್ತದಾ ನೋಡಿ. ಎಲ್ಲ ಪಟ್ಟಿಗಳ ಉಳಿದ ತುದಿಯನ್ನೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಲಗಡೆ ನೇತಾಡುವ ತುದಿಯನ್ನು ಚೈನು ಎಳೆದುಕೊಳ್ಳುತ್ತದೆ.

ವಾಟರ್‌ಪ್ರೂಫ್ ಎಂದು ಬರೆದ ಚೀಲವನ್ನು ಪೂರ್ತಿ ನಂಬಬೇಡಿ, ಜಿಪ್ ಇದ್ದ ಕಡೆ ನೀರು ಒಳಗೆ ಬಂದೇ ಬರುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಅದರಲ್ಲಿ ಬಟ್ಟೆ ಇಡಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ. ಮಧ್ಯಾಹ್ನದ ಹೊತ್ತಿಗೆ ಹೆಗಲು ಹಿಡಿದುಕೊಂಡಿರುತ್ತದೆ.

5. ಕಟ್ಟಿಕೊಂಡೇ ಒಂದು ಸವಾರಿ

ಹೊರಡುವ ಒಂದು ವಾರ ಮುಂಚೆ ಎಲ್ಲ ಕಟ್ಟಿಕೊಂಡು ಇಪ್ಪತ್ತು ಕಿಲೋಮೀಟರ್ ಹೋಗಿ ಬನ್ನಿ. ಬೇಕೆಂದೇ ಕೆಟ್ಟ ರಸ್ತೆ ಹಿಡಿಯಿರಿ. ಬ್ರೇಕ್ ಹಾಕಿದಾಗ ಸೈಕಲ್ ನಿಲ್ಲಲು ಮೊದಲಿಗಿಂತ ಎಷ್ಟು ದೂರ ಜಾಸ್ತಿ ಬೇಕು ಅನ್ನುವುದು ಕೈಗೆ ಗೊತ್ತಾಗಲಿ. ಈ ಹಂತವನ್ನು ಯಾರೂ ಮಾಡುವುದಿಲ್ಲ. ದಯವಿಟ್ಟು ನೀವು ಮಾಡಿ.

6. ಪಂಕ್ಚರ್

ಮನೆಯಲ್ಲೇ ಎರಡು ಸಲ ಹಿಂದಿನ ಚಕ್ರ ಬಿಚ್ಚಿ ಹಾಕಿ. ಮುಂದಿನದಲ್ಲ, ಹಿಂದಿನದು. ಚೈನು, ಗೇರು ಇರುವುದೇ ಅಲ್ಲಿ, ಭಾರ ಬಿದ್ದು ಪಂಕ್ಚರ್ ಆಗುವುದೂ ಜಾಸ್ತಿ ಅದೇ. ಎರಡು ಹೊಸ ಟ್ಯೂಬ್ ಜೊತೆಗಿರಲಿ. 700ಸಿ ಅಳತೆಯ ಟ್ಯೂಬು (ಹೈಬ್ರಿಡ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವ ಚಕ್ರದ ಅಳತೆ) ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಪ್ಯಾಚು ಅಂಟಿಸುವ ಸೊಲ್ಯೂಷನ್ ಒಮ್ಮೆ ಬಾಯಿ ತೆರೆದರೆ ಒಣಗಿರುತ್ತದೆ, ಹೊಸದು ಇಟ್ಟುಕೊಳ್ಳಿ. ಸೊಲ್ಯೂಷನ್ ಬೇಡದೆ ಹಾಗೇ ಅಂಟಿಸುವ ಸ್ಟಿಕ್ಕರ್ ಪ್ಯಾಚು ನಮ್ಮ ಬಿಸಿಲಿಗೆ ಎದ್ದು ಬರುತ್ತದೆ.

ಇನ್ನೊಂದು ಸಣ್ಣ ಸಾಮಾನು ಮರೆಯಬೇಡಿ. ನಿಮ್ಮ ಟ್ಯೂಬಿನ ವಾಲ್ವ್ ತೆಳ್ಳಗೆ, ತುದಿಯಲ್ಲಿ ತಿರುಪಿರುವ ಪ್ರೆಸ್ಟಾ ಆಗಿದ್ದರೆ, ಬೈಕಿನ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಸಿಗುತ್ತದೆ, ಅದನ್ನು ತಿರುಗಿಸಿ ಹಾಕಿದರೆ ಎಲ್ಲಿ ಬೇಕಾದರೂ ಗಾಳಿ ತುಂಬಿಸಬಹುದು. ನಾನು ಬೀಗದ ಕೈ ಗೊಂಚಲಿನಲ್ಲೇ ಇಟ್ಟಿರುತ್ತೇನೆ.

7. ರಸ್ತೆಯಲ್ಲಿ

ಬೆಳಕು ಹರಿಯುತ್ತಲೇ ಹೊರಟು, ಹನ್ನೆರಡರೊಳಗೆ ಹೆಚ್ಚಿನ ದೂರ ಮುಗಿಸಿ. ಬಾಯಾರುವ ಮುಂಚೆಯೇ ನೀರು ಕುಡಿಯುತ್ತಿರಿ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ, ಅರ್ಧ ಪೊಟ್ಟಣದ ಆಟ ಬೇಡ.

ಡಿಸೆಂಬರ್, ಜನವರಿಯಲ್ಲಿ ಈ ಭಾಗದ ರೈತರು ರಾಗಿ, ಹುರುಳಿಯನ್ನು ರಸ್ತೆ ಮೇಲೆ ಒಕ್ಕಣೆಗೆ ಹರಡಿರುತ್ತಾರೆ. ಕಾರಿನವರು ಹತ್ತಿಸಿಕೊಂಡು ಹೋಗುತ್ತಾರೆ. ನೀವು ಇಳಿದು ತಳ್ಳಿ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರ್ ಬದಲಿಸುವ ಡಿರೇಲರ್ ಕಿತ್ತು ಕಡ್ಡಿಗಳ ಒಳಗೆ ಹೋಗುತ್ತದೆ, ಅಲ್ಲಿಗೆ ಪ್ರವಾಸ ಮುಗಿದ ಹಾಗೆ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿಯುವುದೂ ಇಲ್ಲ.

ಊರ ಬಾಗಿಲಿನ ಹಂಪುಗಳಿಗೆ ಬಣ್ಣವಿರುವುದಿಲ್ಲ. ಮುಂದೆ ಹೋಗುವ ಬೈಕು ಕುಪ್ಪಳಿಸುವುದನ್ನು ನೋಡಿಕೊಂಡು ನಿಧಾನ ಮಾಡಿ.

8. ರಾತ್ರಿ

ವಸತಿಗೆ ಮೊದಲೇ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ರೂಮ್ ಕೆಳಗಡೆ ಇದೆಯಾ, ಸೈಕಲ್ ಒಳಗೆ ಇಟ್ಟುಕೊಳ್ಳಬಹುದಾ. ಒಪ್ಪದಿದ್ದರೆ ಬೇರೆ ಕಡೆ ನೋಡಿ.

ತಲಕಾಡಿನಲ್ಲಿ ಸುಸ್ತಾದ ಮೈಗೆ ಹೊಳೆ ಕರೆಯುತ್ತದೆ. ಮಂಡಿಯಾಳದ ಆಚೆ ಹೋಗಬೇಡಿ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಮಾತು ಕೇಳಿದ್ದೀರಲ್ಲ. ಮಡು ಈಗಲೂ ಇದೆ, ಮೇಲಿನಿಂದ ಕಾಣುವುದಿಲ್ಲ.

ದೇವಸ್ಥಾನಗಳ ಕಡೆಗೆ ಸೈಕಲ್ ತಳ್ಳಿಕೊಂಡು ಹೋಗಬೇಡಿ. ಮರಳಿನಲ್ಲಿ ಚಕ್ರ ಹೂತುಕೊಳ್ಳುತ್ತದೆ, ಚೈನಿನ ತುಂಬ ಮರಳಾಗುತ್ತದೆ. ಆಗಿಯೇ ಬಿಟ್ಟರೆ ಅದರ ಮೇಲೆ ಎಣ್ಣೆ ಬಿಡಬೇಡಿ. ಮೊದಲು ಹಳೇ ಬನಿಯನ್ ಚೂರಿನಲ್ಲಿ ಚೈನನ್ನು ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಬಟ್ಟೆಗೆ ಮರಳು ಬರುವುದು ನಿಲ್ಲುವ ತನಕ ಒರೆಸಿ. ಆಮೇಲೆ ಕೊಂಡಿಗೊಂದು ಹನಿ ಎಣ್ಣೆ. ರಾತ್ರಿಯೇ ಮಾಡಿ ಮಲಗಿ, ಬೆಳಿಗ್ಗೆ ಮೂರು ಪಟ್ಟಿ ಬಿಗಿದು ಹೊರಟರಾಯಿತು.